ಫಿಲ್ಟರ್ ನೀರಿಗೆ ಹೆಪ್ಪು ಹಾಕಿದವರು

ಕ್ಲೋರೈಡ್ ಅಂತಾರೋ, ಪ್ಲೋರಿನ್ ಅಂತಾರೋ... ಇರಿ, ನೆನಪಾಗುತ್ತೆ. ಎರಡು ಸಾಮಾನು ಇವೆ. ಒಂದನ್ನು ನೀರಿಗೆ ಹಾಕಬೇಕು, ಇನ್ನೊಂದನ್ನು ನೀರಿನಿಂದ ತೆಗೆಯಬೇಕು. ಹೆಸರು ಮಾತ್ರ ಅವಳಿ ಮಕ್ಕಳ ಹಾಗೆ, ಯಾವುದು ಯಾವುದೆಂದು ಹೆತ್ತವರಿಗೇ ಗೊತ್ತಾಗಬೇಕು. ಹಾಕುವುದು ಕ್ಲೋರಿನ್, ತೆಗೆಯುವುದು ಫ್ಲೋರೈಡ್. ಹ್ಞಾಂ, ಅದೇ. ನನ್ನ ಮೊಮ್ಮಗಳು ಇದನ್ನು ಹೇಳಿಕೊಡುತ್ತಲೇ ಇರುತ್ತಾಳೆ, ನಾನು ಮರೆಯುತ್ತಲೇ ಇರುತ್ತೇನೆ. ನಾನೊಬ್ಬಳೇ ಅಲ್ಲ, ನಮ್ಮ ಇಡೀ ಊರೇ ಮರೆಯುತ್ತೆ. ಅದಕ್ಕೇ ನೀರಿನ ವಿಷಯದಲ್ಲಿ ನಮ್ಮಲ್ಲಿ ಏನಾದರೊಂದು ನಗೆಪಾಟಲು ಆಗದೆ ವಾರ ಕಳೆಯುವುದಿಲ್ಲ.

ನಾನು ಹುಟ್ಟಿದ್ದು ಕುಂದಾಪುರದ ಕಡೆ. ಹಿತ್ತಲ ಬಾವಿಗೆ ಕೊಡಪಾನ ಇಳಿಸಿದರೆ ಎಳನೀರಿನಂಥ ನೀರು ಬರುವ ಊರು. ಮದುವೆಯಾಗಿ ಬಂದದ್ದು ಮೊಳಕಾಲ್ಮೂರಿಂದ ರಾಂಪುರಕ್ಕೆ ಹೋಗುವ ರಸ್ತೆಯ ಒಂದು ಹಳ್ಳಿಗೆ. ನಮ್ಮವರು ಅಲ್ಲಿ ಸಣ್ಣ ಹೋಟೆಲು ಇಟ್ಟಿದ್ದರು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ಇಡೀ ದಿನ ಟೀ. ಈಗ ಹೋಟೆಲು ಮಗನದು. ಚಟ್ನಿಗೆ ಉಪ್ಪು ಸರಿಯಾಗಿದೆಯೋ ಇಲ್ಲವೋ ಅಂತ ತೀರ್ಪು ಕೊಡುವ ಕೆಲಸ ಮಾತ್ರ ನನ್ನ ಕೈಯಲ್ಲಿದೆ. ಊರಿಗೆಲ್ಲ ನಾನು ಹೋಟ್ಲಮ್ಮ.

ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆ ರೇಷ್ಮೆ ಸೀರೆ ನೇಯುವವರದು. ಮನೆಮಾತು ತೆಲುಗು, ಬೀದಿಮಾತು ಕನ್ನಡ. ಆ ಮನೆಯ ಯಜಮಾನಿಯನ್ನು ನಾನು ಅಕ್ಕ ಅನ್ನುತ್ತೇನೆ. ನಾನು ಹೇಳುವ ಕಥೆಗಳಲ್ಲಿ ಮುಕ್ಕಾಲು ಪಾಲು ಅವಳ ಮನೆಯವು, ಉಳಿದವು ಅವಳು ನೋಡಿ ನಕ್ಕವು.

ಬೇಳೆ

ನಾನು ಈ ಊರಿಗೆ ಕಾಲಿಟ್ಟ ಹೊಸತು. ಮಧ್ಯಾಹ್ನದ ಸಾರಿಗೆ ತೊಗರಿಬೇಳೆ ಒಲೆ ಮೇಲಿಟ್ಟೆ. ಕುದಿಯಿತು, ಉಕ್ಕಿತು, ನೊರೆ ಬಂತು, ಎಲ್ಲಾ ಆಯಿತು. ಬೇಯಲಿಲ್ಲ. ಸೌದೆ ತುಂಬಿದೆ, ಊದಿದೆ, ಕಣ್ಣೆಲ್ಲ ಕೆಂಪಾಯಿತು. ಬೇಳೆ ಮಾತ್ರ ಮದುವೆ ಮನೆಯಲ್ಲಿ ಮುನಿಸಿಕೊಂಡು ಕೂತ ಬೀಗರ ಹಾಗೆ ಗಟ್ಟಿಯಾಗಿ ಕೂತಿತ್ತು. ಹೊರಗೆ ಊಟದವರು ಬಂದು ಕಾಯುತ್ತಿದ್ದಾರೆ.

ಗೋಡೆಯಾಚೆಯಿಂದ ಒಂದು ಮುಖ ಇಣುಕಿತು. ಅದೇ ಅಕ್ಕ. ಅವತ್ತೇ ಮೊದಲು ನೋಡಿದ್ದು.

"ಯಾವ ನೀರು ಹಾಕೀಯಮ್ಮ?"

"ಮೂಲೆ ಕೈಪಂಪಿಂದು."

"ಹಂಗಾದ್ರೆ ನಿನ್ ಬೇಳೆ ಈ ಊರಾಗೆ ಬೇಯಲ್ಲ ಬಿಡು" ಅಂದು ಮುಖ ಮರೆಯಾಯಿತು.

ನನಗೆ ಅಳುವೇ ಬಂತು. ಹೊಸ ಊರು, ಹೊಸ ಜನ. ಪರಿಚಯವೂ ಆಗುವ ಮುಂಚೆ ನೆರೆಯವರು ಎದುರಿಗೇ ಹೀಗನ್ನಬೇಕೇ? ನಾನೇನು ಯಾರ ಮುಂದೆ ಜಾಣತನ ತೋರಿಸಿದ್ದೆ? ನಮ್ಮವರ ಹತ್ತಿರ ಸೆರಗು ಕಣ್ಣಿಗೊತ್ತಿಕೊಂಡು ದೂರು ಹೇಳಿದೆ. ಅವರು ತಟ್ಟೆ ಕೆಳಗಿಟ್ಟು ನಕ್ಕರು ನೋಡಿ, ಹೊರಗಿನ ಗಿರಾಕಿಗಳೂ ಇಣುಕಿದರು. "ಅವರು ಬೇಳೆಯ ವಿಷಯವೇ ಹೇಳಿದ್ದು ಮಾರಾಯ್ತಿ! ಆ ನೀರಲ್ಲಿ ಯಾರ ಬೇಳೆಯೂ ಬೇಯುವುದಿಲ್ಲ."

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಅಕ್ಕ, ಸೊಂಟದ ಮೇಲೆ ತೋಟದ ಬಾವಿಯ ನೀರಿನ ಬಿಂದಿಗೆ. "ತಗಾ, ಇದ್ರಾಗೆ ಬೇಯ್ಸು. ಅಳಬ್ಯಾಡ, ಉಪ್ಪಾಗುತ್ತೆ ಸಾರು."

ಈ ಊರಲ್ಲಿ ಇವತ್ತಿನವರೆಗೂ ನನ್ನ ಬೇಳೆ ಬೆಂದಿದ್ದರೆ, ಬೇಯಲ್ಲ ಅಂದವಳಿಂದಲೇ ಬೆಂದಿದೆ.

ಬಾಯಿ ಬಿಡದ ಊರು

ಕೈಪಂಪು ಹೋಗಿ ಅದೇ ಬೋರಿಗೆ ಮೋಟರ್ ಬಂತು, ಬೀದಿ ಮೂಲೆಯಲ್ಲಿ ಮಿನಿ ಟ್ಯಾಂಕು ಬಂತು, ಅದಕ್ಕೊಂದು ನಲ್ಲಿ ಬಂತು. ಈಚೆಗೆ ಮನೆ ಮನೆಗೂ ಪೈಪು ಎಳೆದಿದ್ದಾರೆ. ಅದರಲ್ಲಿ ಮೊದಲು ಗಾಳಿ ಬರುತ್ತೆ, ಆಮೇಲೆ ಸದ್ದು ಬರುತ್ತೆ, ಪುಣ್ಯವಿದ್ದರೆ ನೀರೂ ಬರುತ್ತೆ. ಮೂಲೆ ನಲ್ಲಿ ಹಾಗಲ್ಲ, ಯಾವ ಹೊತ್ತಿಗೆ ತಿರುಗಿಸಿದರೂ ತಣ್ಣಗೆ ಸುರಿಯುತ್ತೆ. ಹಾಳಾದ್ದು, ರುಚಿಯೂ ಇದೆ.

ಆ ರುಚಿಯ ಬೆಲೆ ನಮ್ಮೂರ ಮದುವೆ ಫೋಟೋಗಳಲ್ಲಿ ಕಾಣುತ್ತೆ. ಚಳ್ಳಕೆರೆಯಿಂದ ಬಂದ ಫೋಟೋಗ್ರಾಫರ್ ಒಬ್ಬ ನಮ್ಮಲ್ಲಿ ಟೀ ಕುಡಿಯುತ್ತಾ ಕೇಳಿದ: "ಯಾಕಮ್ಮ, ಈ ಮದುವೆ ಯಾರಿಗೂ ಇಷ್ಟ ಇಲ್ವಾ? ನಗ್ರಿ ಅಂದ್ರೆ ಎಲ್ರೂ ತುಟಿ ಬಿಗಿ ಹಿಡೀತಾರೆ."

"ಇಷ್ಟ ಇದೆಯಪ್ಪ, ಹಲ್ಲು ಕಂದು" ಅಂದೆ.

ಅಕ್ಕನ ಹಲ್ಲು ಹಾಗೇ, ಅವಳ ಮಗನದೂ ಹಾಗೇ. ಅಕ್ಕನಿಗೆ ಮಂಡಿಯೂ ಮಡಚಲು ಬರುವುದಿಲ್ಲ. ಅವಳಿಗೆ ಒಂದು ಪುಟ್ಟ ಮೊಮ್ಮಗಳಿದ್ದಾಳೆ, ಒಂದನೇ ಕ್ಲಾಸು. ಅದರ ಮೊದಲ ಹಾಲುಹಲ್ಲು ಬಿತ್ತು. ಸಗಣಿ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆದು ಬರುವಷ್ಟರಲ್ಲಿ ಆರೋಗ್ಯ ಇಲಾಖೆಯ ಆಶಾ ಕೆಲಸದ ಹುಡುಗಿ ಮನೆಗೆ ಬಂದಳು. "ಇದಕ್ಕೆ ಇನ್ನೂ ಎಷ್ಟೋ ಹಲ್ಲು ವಸಡಿನ ಒಳಗೇ ತಯಾರಾಗ್ತಿದಾವೆ ಅಕ್ಕ. ಮೂಲೆ ನಲ್ಲಿ ನೀರು ಕುಡಿಸಬೇಡಿ. ಅದರಲ್ಲಿ ಫ್ಲೋರೈಡ್ ಐತೆ. ಹಲ್ಲು ಹೊರಗೆ ಬಂದ ಮೇಲೆ ಎಷ್ಟು ಉಜ್ಜಿದ್ರೂ ಕಲೆ ಹೋಗಲ್ಲ" ಅಂದಳು.

"ತಿಳೀತು ಬಿಡವ್ವ" ಅಂದಳು ಅಕ್ಕ. "ಮಗ್ಗದ ಮ್ಯಾಲಿರುವಾಗ ಬಿದ್ದ ಕಲೆ, ಸೀರೆ ಮಡಚಿದ ಮ್ಯಾಲೆ ತೊಳೆದ್ರೆ ಹೋಗುತ್ತಾ?" ಆಮೇಲೆ ಮೊಮ್ಮಗಳ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿದಳು. "ನನ್ನವು ಹೋದ್ವು, ನನ್ನ ಮಗಂದೂ ಹೋದ್ವು. ಇದರವು ಮಾತ್ರ ಬೆಳ್ಳಗೇ ಬರಬೇಕು. ಬಾಯಿ ಬಿಟ್ಟು ನಗಬೇಕು ಇದು."

ಮಗು ತಕ್ಷಣ ಕಿಂಡಿ ತೋರಿಸುತ್ತಾ ಬಾಯಿ ತುಂಬಾ ನಕ್ಕಿತು. ಹಲ್ಲೇ ಇಲ್ಲದ ಜಾಗಕ್ಕೆ ಕಲೆಯ ಭಯ ಎಲ್ಲಿಯದು!

ಆಸ್ಪತ್ರೆ ಟೀ

ಅಕ್ಕ ಸುಮ್ಮನೆ ಕೂರುವವಳಲ್ಲ. ಮರುದಿನವೇ ನೀರುಗಂಟಿಯನ್ನು, ಅಂದರೆ ಪಂಚಾಯ್ತಿಯಿಂದ ನೀರು ಬಿಡುವವನನ್ನು, ನಮ್ಮ ಹೋಟೆಲ ಮುಂದೆಯೇ ಅಡ್ಡಗಟ್ಟಿದಳು.

"ಏನಪ್ಪ, ನಮ್ಮ ಟ್ಯಾಂಕಿನಾಗೆ ಅದೆಂಥದೋ ಪ್ಲೋರಿನ್ ಐತಂತೆ?"

ಅವನಿಗೆ ಕೇಳಿಸಿದ್ದು ಕ್ಲೋರಿನ್. ಬ್ಲೀಚಿಂಗ್ ಪುಡಿ ಹಾಕಿ ಎಷ್ಟೋ ದಿನವಾಗಿತ್ತು, ಪಾಪ. ಅಕ್ಕ ಚುಚ್ಚಿ ಮಾತಾಡುತ್ತಿದ್ದಾಳೆ ಅಂದುಕೊಂಡ. ತಲೆ ಕೆರೆದುಕೊಂಡು, "ಬೈಬ್ಯಾಡಕ್ಕ, ನಾಳೆ ಬೆಳಿಗ್ಗೆ ನೋಡು, ನಿನಗೇ ಗೊತ್ತಾಗುತ್ತೆ" ಅಂದ.

ಗೊತ್ತಾಯಿತು. ಇಡೀ ಊರಿಗೇ ಗೊತ್ತಾಯಿತು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೂಗು ಮುಚ್ಚಿಕೊಳ್ಳುವ ಹಾಗೆ. ಆಗ ಟೀಗೆ ನಾವೂ ಆ ನೀರನ್ನೇ ಹಾಕುತ್ತಿದ್ದೆವು. ಮಗ ಏಲಕ್ಕಿ ಜಜ್ಜಿ ಹಾಕಿದ, ಶುಂಠಿ ಹಾಕಿದ. ಶುಂಠಿಗೇ ಆ ವಾಸನೆ ಹತ್ತಿತು.

ಅಕ್ಕ ಬಂದು ನೀರುಗಂಟಿಯನ್ನು ಕೇಳಿದಳು, "ಹೋತೇನಪ್ಪ ಎಲ್ಲಾ?"

"ಹೋಗೋದಾ?" ಅವನು ಎದೆ ಉಬ್ಬಿಸಿದ. "ಎರಡರಷ್ಟು ಹಾಕೀನಕ್ಕ! ಇನ್ನು ನೀನು ಕಳೀಬೇಕಂದ್ರೂ ಕಳೆಯಲ್ಲ."

ಅಕ್ಕ ಗಲ್ಲದ ಮೇಲೆ ಕೈಯಿಟ್ಟು ಕಲ್ಲಿನ ಮೇಲೆ ಕೂತುಬಿಟ್ಟಳು. ಅದೇ ಹೊತ್ತಿಗೆ ಬಳ್ಳಾರಿ ಕಡೆ ಹೊರಟ ಲಾರಿ ಡ್ರೈವರ್ ಒಬ್ಬ ನನ್ನ ಮಗ ಕೊಟ್ಟ ಟೀಯನ್ನು ಮೂಗಿನ ಹತ್ತಿರ ಹಿಡಿದ, ಗ್ಲಾಸನ್ನು ತಿರುಗಿಸಿ ನೋಡಿದ, ಬಹಳ ವಿನಯವಾಗಿ ಕೇಳಿದ:

"ಅಣ್ಣ, ಇದನ್ನ ಕುಡೀಬೇಕಾ, ಗಾಯಕ್ಕೆ ಹಚ್ಕೋಬೇಕಾ?"

ಕುದಿಸಿದಷ್ಟೂ

ನೀರುಗಂಟಿಯಿಂದ ಆಗಲಿಲ್ಲ, ನಾನೇ ನೋಡಿಕೊಳ್ಳುತ್ತೇನೆ ಅಂದಳು ಅಕ್ಕ. ದೊಡ್ಡ ತಪ್ಪಲೆಯಲ್ಲಿ ನಲ್ಲಿ ನೀರು ಹಿಡಿದು ಕುದಿಸಲು ಶುರು ಮಾಡಿದಳು. ಮಗುವಿಗೆ ಅಂತ ಎರಡು ಪಟ್ಟು ಕುದಿಸುತ್ತಿದ್ದಳು, ತುಂಬಿದ ತಪ್ಪಲೆ ಅರ್ಧಕ್ಕಿಳಿಯುವವರೆಗೆ. ಸೌದೆ ತಳ್ಳುವ ಕೆಲಸ ಸೊಸೆಯದು. ಸೊಸೆ ತಳಕು ಕಡೆಯವಳು, ಅಚ್ಚ ಕನ್ನಡದವಳು, ಮಾತಿನಲ್ಲಿ ಖಾರ ಸ್ವಲ್ಪ ಮುಂದು.

ಆಶಾ ಹುಡುಗಿ ಮತ್ತೆ ಬಂದಳು. ಒಲೆ ನೋಡಿ ಗಾಬರಿಯಾದಳು. "ಅಯ್ಯೋ, ಇದೇನಕ್ಕ! ಕುದಿಸಿದ್ರೆ ಕ್ರಿಮಿ ಸಾಯ್ತವೆ, ಫ್ಲೋರೈಡ್ ಸಾಯಲ್ಲ. ನೀರು ಆವಿಯಾಗಿ ಹೋಗುತ್ತೆ, ಅದು ಅಲ್ಲೇ ಉಳಿಯುತ್ತೆ. ಕುದಿಸಿದಷ್ಟೂ ಗಟ್ಟಿ ಆಗುತ್ತೆ ಅದು!"

ಅಕ್ಕ ತಪ್ಪಲೆಯನ್ನೇ ನೋಡುತ್ತಾ ನಿಂತಳು. "ಕುದಿಸಿದಷ್ಟೂ ಗಟ್ಟಿ ಆಗುತ್ತಾ? ನಮ್ಮತ್ತೆನೂ ಹಂಗೇ ಇದ್ಲು ಕಣೆ" ಅಂದಳು ನಿಟ್ಟುಸಿರು ಬಿಟ್ಟು.

ಒಲೆಯ ಹೊಗೆಯೊಳಗಿಂದ ಸೊಸೆಯ ದನಿ ಬಂತು: "ಅದು ಈ ಮನೆ ನೀರಿನ ಗುಣ ಇರಬೇಕು ಬಿಡ್ರಿ, ಅತ್ತೆರಾದೋರಿಗೆಲ್ಲ ಹತ್ತುತ್ತೆ."

ಹೆಪ್ಪು

ಬಸ್ ನಿಲ್ಲುವ ಜಾಗದಲ್ಲಿ ಫಿಲ್ಟರ್ ನೀರಿನ ಕೋಣೆ ಇದೆ. ಗೋಡೆಯ ಪೆಟ್ಟಿಗೆಗೆ ಕಾಯಿನ್ ಹಾಕಿದರೆ ಪಕ್ಕದ ಪೈಪಿನಿಂದ ಕ್ಯಾನು ತುಂಬುವಷ್ಟು ನೀರು ಬೀಳುತ್ತೆ. ಅಲ್ಲಿಂದ ನೀರು ತರುವ ಕೆಲಸ ಅಕ್ಕ ತನ್ನ ಯಜಮಾನರಿಗೆ ವಹಿಸಿದಳು. ವಯಸ್ಸಾದವರು, ಆದರೂ ಇವತ್ತಿಗೂ ಮಗ್ಗದ ಗುಂಡಿಗೆ ಇಳಿದರೆ ಕೈ ನಡುಗುವುದಿಲ್ಲ. ನಾನು ಅವರನ್ನು ಅಣ್ಣ ಅನ್ನುತ್ತೇನೆ.

ಮೊದಲ ದಿನ ಅಣ್ಣ ಕಾಯಿನ್ ಹಾಕಿದರು, ಚಪ್ಪಲಿ ಬಿಟ್ಟರು, ಕಣ್ಣು ಮುಚ್ಚಿ ಕೈ ಮುಗಿದರು. ಅವರು ಕಣ್ಣು ಬಿಡುವಷ್ಟರಲ್ಲಿ ನೀರೆಲ್ಲ ಮೋರಿ ಸೇರಿತ್ತು. ಕ್ಯಾನು ಕಂಕುಳಲ್ಲೇ ಇತ್ತು. "ಹುಂಡಿಗೆ ಹಾಕಿದ ಮ್ಯಾಲೆ ಕೈ ಮುಗೀದೆ ಇರಾಕಾಗುತ್ತಾ?" ಅಂತ ನನ್ನನ್ನೇ ಕೇಳಿದರು.

ಅದು ಹೋಗಲಿ. ಕೆಲವು ವಾರ ಕಳೆದ ಮೇಲೆ ಅಕ್ಕನಿಗೆ ಅನುಮಾನ ಬಂತು. ಫಿಲ್ಟರ್ ನೀರು ತುಂಬಿಟ್ಟ ಗಡಿಗೆಯ ತಳದಲ್ಲಿ, ನಲ್ಲಿ ನೀರಿನ ಗಡಿಗೆಯಲ್ಲಿ ಕಟ್ಟುವ ಹಾಗೇ, ಬಿಳಿ ಪದರ ಕಟ್ಟಿದೆ. ಯಂತ್ರ ಕೆಟ್ಟಿದೆ, ಮಗುವಿಗೆ ಇಷ್ಟು ದಿನ ಇದನ್ನೇ ಕುಡಿಸಿದೆನಲ್ಲ ಅಂತ ಎದೆ ಬಡಿದುಕೊಂಡಳು. ಮೊಳಕಾಲ್ಮೂರಿಂದ ಮೆಕ್ಯಾನಿಕ್ ಸಾಹೇಬರನ್ನು ಕರೆಸಿದ್ದಾಯಿತು.

ಸಾಹೇಬರು ಪೆನ್ನಿನಂಥ ಒಂದು ಸಾಮಾನನ್ನು ಯಂತ್ರದ ನೀರಿಗೆ ಅದ್ದಿದರು. "ಬರೋಬರ್ ಐತೆ." ಅಕ್ಕನ ಮನೆಗೆ ಬಂದು ಗಡಿಗೆಗೆ ಅದ್ದಿದರು. ಹುಬ್ಬು ಮೇಲೇರಿತು. ಮತ್ತೆ ಯಂತ್ರದ ಹತ್ತಿರ ಹೋಗಿ ಅದ್ದಿದರು, ಮತ್ತೆ ಗಡಿಗೆಗೆ ಬಂದು ಅದ್ದಿದರು. ಬಿಸಿಲಲ್ಲಿ ಓಡಾಡಿ ಓಡಾಡಿ ಟೋಪಿ ತೆಗೆದು ಗಾಳಿ ಬೀಸಿಕೊಂಡರು.

"ಅಮ್ಮಾ, ಅಲ್ಲಿ ಬರೋಬರ್ ಐತೆ. ಇಲ್ಲಿ ಖರಾಬ್ ಐತೆ. ದಾರಿಯಾಗೆ ಏನಾಗುತ್ತೆ ಇದಕ್ಕೆ?"

ಮಗ್ಗದ ಗುಂಡಿಯಿಂದ ಅಣ್ಣನ ದನಿ ಬಂತು, ಲಾಳಿಯ ಸದ್ದು ನಿಲ್ಲದ ಹಾಗೇ. "ದಾರಿಯಾಗೆ ಏನೂ ಆಗಲ್ಲ. ಮನೆಗೆ ಬಂದ ಮ್ಯಾಲೆ ನಾನೇ ಒಂದು ಚೆಂಬು ನಲ್ಲಿ ನೀರು ಬಿಡ್ತೀನಿ."

"ಯಾಕ್ರೀ?" ಸಾಹೇಬರೂ ಅಕ್ಕನೂ ಒಟ್ಟಿಗೇ ಕೂಗಿದರು.

"ಸಪ್ಪೆ ಕಣಯ್ಯಾ ಅದು, ಬಾಯಿಗಿಡಕಾಗಲ್ಲ. ಹಾಲಿಗೆ ಹೆಪ್ಪು ಹಾಕಿದಂಗೆ ರಾತ್ರಿ ಒಂದು ಚೆಂಬು ನಮ್ ನೀರು ಬಿಟ್ರೆ, ಬೆಳಗಾಗೋದ್ರಾಗೆ ಪೂರಾ ಗಡಿಗೆ ನಮ್ ನೀರೇ ಆಗಿರುತ್ತೆ."

"ಯಾ ಅಲ್ಲಾ! ಪಾನಿಗೆ ಹೆಪ್ಪು!" ಸಾಹೇಬರು ಗೋಡೆಗೊರಗಿ ನಗುತ್ತಾ ಕೂತರು. ಅಕ್ಕ ನಗಲಿಲ್ಲ. ಮಗುವಿನ ಗಡಿಗೆಯನ್ನು ಎತ್ತಿಕೊಂಡು ಹೋಗಿ ತನ್ನ ಮಂಚದ ಕೆಳಗಿಟ್ಟಳು. ಹೊರಗೆ ಬಂದು ಗಂಡನಿಗೆ ಹೇಳಿದಳು: "ಇವತ್ತಿಂದ ನಿನಗೆ ನೀರಿಲ್ಲ. ಬರೀ ಮಜ್ಜಿಗೆ. ಅದಕ್ಕೂ ಹೆಪ್ಪು ನಾನೇ ಹಾಕ್ತೀನಿ."

ಸೆರಗಿನ ಹಳದಿ

ಆಮೇಲೆ ಪಂಚಾಯ್ತಿಗೆ ನೀರು ಪರೀಕ್ಷೆ ಮಾಡುವ ಪೆಟ್ಟಿಗೆ ಬಂತು. ಸಂಘದ ಹೆಂಗಸರೇ ಪರೀಕ್ಷೆ ಮಾಡಬೇಕಂತೆ. ಆಶಾ ಹುಡುಗಿ ನಮ್ಮ ಹೋಟೆಲ ಬೆಂಚಿನ ಮೇಲೆ ಸಣ್ಣ ಸಣ್ಣ ಸ್ಫಟಿಕದಂಥ ಶೀಶೆ ಜೋಡಿಸಿದಳು. ಒಂದೊಂದಕ್ಕೆ ಒಂದೊಂದು ನಲ್ಲಿಯ ನೀರು, ಮೇಲೆ ಕೆಂಪು ಔಷಧಿ. "ಕೆಂಪಾಗೇ ಇದ್ರೆ ಒಳ್ಳೇ ನೀರು. ಹಳದಿಗೆ ತಿರುಗಿದಷ್ಟೂ ಕೆಟ್ಟದ್ದು" ಅಂದಳು.

ಸುತ್ತ ನಿಂತವರು ನೇಕಾರರು. ಬಣ್ಣದ ವಿಷಯ ಬಂದರೆ ಅವರಿಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ. ಫಿಲ್ಟರ್ ನೀರಿನ ಶೀಶೆ ನೋಡಿ, "ಇದು ದಾಳಿಂಬೆ ಕೆಂಪು" ಅಂದರು. ಮನೆ ನಲ್ಲಿಯ ಶೀಶೆ ನೋಡಿ ಒಬ್ಬರು "ಕಿತ್ತಳೆ" ಅಂದರು, ಇನ್ನೊಬ್ಬರು "ಅಲ್ಲ, ಕನಕಾಂಬರ" ಅಂದರು. ಆ ಜಗಳ ಮುಗಿಯುವ ಹೊತ್ತಿಗೆ ಮೂಲೆ ನಲ್ಲಿಯ ಶೀಶೆ ಪೂರ್ತಿ ತಿರುಗಿತ್ತು. ಚೆಂಡುಹೂವಿನ ಹಳದಿಯೂ ಅಲ್ಲ, ನಿಂಬೆ ಹಳದಿಯೂ ಅಲ್ಲ, ಎರಡರ ನಡುವಿನ ಹೊಳೆಯುವ ಹಳದಿ.

ಅಕ್ಕನ ಮುಖ ಬಿಳಿಚಿತು. ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಅಣ್ಣ ಮಾತ್ರ ಶೀಶೆಯನ್ನು ಬಿಸಿಲಿಗೆ ಹಿಡಿದು ತಿರುಗಿಸುತ್ತಾ ಮೈಮರೆತಿದ್ದರು. "ಆಹಾ! ಸೆರಗಿಗೆ ಈ ಹಳದಿ ಹುಡುಕಿ ಹುಡುಕಿ ಸಾಕಾಗಿತ್ತಲ್ಲೇ! ಮನೆ ಮೂಲೆಯಾಗೇ ಇತ್ತಾ ಇದು?"

"ಅಜ್ಜಾ, ಅದು ವಿಷದ ಲೆಕ್ಕ!" ಅಂತ ಕಿರುಚಿದಳು ಆಶಾ ಹುಡುಗಿ.

"ಆದ್ರೇನವ್ವ," ಅಂದರು ಅಣ್ಣ, "ಸೆರಗನ್ನ ಹೊದ್ಕಂತಾರೆ, ಹಿಂಡಿ ಕುಡಿಯಲ್ಲವಲ್ಲ."

ಕೆಂಪು

ಪರೀಕ್ಷೆಯಾದ ಮೇಲೆ ಮೂಲೆ ನಲ್ಲಿಗೆ ಕೆಂಪು ಬಣ್ಣ ಬಳಿಯಬೇಕು ಅಂತ ತೀರ್ಮಾನವಾಯಿತು. ಕೆಂಪು ಬಳಿದರೆ ಕುಡಿಯಲು ಯೋಗ್ಯವಲ್ಲ ಅಂತ ಅರ್ಥವಂತೆ. ನೀರುಗಂಟಿ ಬಹಳ ಶ್ರದ್ಧೆಯಿಂದ ಬಳಿದ. ನಲ್ಲಿ, ಪೈಪು, ಟ್ಯಾಂಕಿನ ಕಟ್ಟೆ ಎಲ್ಲಾ ಫಳಫಳ.

ಮರುದಿನ ಬೆಳಿಗ್ಗೆ ಅಲ್ಲಿ ಎಂದೂ ಇಲ್ಲದಷ್ಟು ಸಾಲು. ಆಚೆ ಬೀದಿಯವರೂ ಬಂದಿದ್ದಾರೆ. ಯಾರೋ ನಲ್ಲಿಗೆ ಕಣಗಿಲೆ ಹೂವಿಟ್ಟು, ಅರಿಶಿನ ಬಳಿದು, ಊದುಬತ್ತಿಯನ್ನೂ ಸಿಕ್ಕಿಸಿದ್ದಾರೆ.

"ಹೊಸಾದು ಮಾಡ್ಯಾರೆ ಕಣಮ್ಮ, ಭಾಳ ಚೆನ್ನಾಗಿ ಮಾಡ್ಯಾರೆ" ಅಂತ ಹೆಂಗಸರು ಬಿಂದಿಗೆ ತೊಳೆಯುತ್ತಿದ್ದರು.

ನೀರುಗಂಟಿ ಅಳುವುದೊಂದೇ ಬಾಕಿ. "ಅವ್ವಂದಿರಾ, ಕೆಂಪು ಅಂದ್ರೆ ಬ್ಯಾಡ ಅಂತ ಅರ್ಥ ಕಣ್ರೇ!"

ಒಬ್ಬ ಮುತ್ತೈದೆ ಸೊಂಟದ ಮೇಲೆ ಕೈಯಿಟ್ಟಳು. "ಕೆಂಪು ಬ್ಯಾಡ ಅಂದ್ರೆ, ನಮ್ಮ ಹಣೆಗೆ ನೀನು ಏನು ಇಡು ಅಂತೀಯಪ್ಪ?"

ಬೋರ್ಡು

ಬಣ್ಣ ಅರ್ಥವಾಗಲಿಲ್ಲ ಅಂದಮೇಲೆ ಅಕ್ಷರ ಬರೆಸೋಣ ಅಂದರು. ಟ್ಯಾಂಕಿನ ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಒಂದೇ ಮಾತು ಬರೆಸಿದರು: ಕುಡಿಯಬಾರದು.

ಈಗ ಒಂದು ವಿಷಯ ಹೇಳಬೇಕು. ಸಂಜೆಯಾದರೆ ಆ ಟ್ಯಾಂಕಿನ ಕಟ್ಟೆಯ ಮೇಲೆ ನಾಲ್ಕಾರು ಗಂಡಸರು ಪ್ಯಾಕೆಟು, ಪ್ಲಾಸ್ಟಿಕ್ ಲೋಟ ಇಟ್ಟುಕೊಂಡು ಕೂರುತ್ತಿದ್ದರು. ಅಕ್ಕನ ಮಗನೂ ಅವರಲ್ಲಿ ಒಬ್ಬ. ಕೆಟ್ಟವನಲ್ಲ. ಹಗಲೆಲ್ಲ ಮಗ್ಗದಲ್ಲಿ ಬಗ್ಗಿ, ಸಂಜೆ ಬೆನ್ನು ನೆಟ್ಟಗೆ ಮಾಡಲು ಇದೇ ದಾರಿ ಅಂದುಕೊಂಡವನು. ಅವತ್ತು ಬಂದವರು ಗೋಡೆ ನೋಡಿ ನಿಂತರು. ಓದಿದರು. ಮುಖ ಸಪ್ಪಗಾಯಿತು.

"ನಾವು ಯಾರಿಗಾದ್ರೂ ತೊಂದ್ರೆ ಕೊಟ್ಟೀವೇನಲೇ?" ಅಂದ ಒಬ್ಬ.

"ಹೋಗ್ಲಿ ಬಿಡಲೇ, ಪಂಚಾಯ್ತಿಯೋರು ಬರೆಸ್ಯಾರೆ, ಮರ್ಯಾದೆ ಕೊಡಬೇಕು" ಅಂದ ಇನ್ನೊಬ್ಬ. ಲೋಟ ಎತ್ತಿಕೊಂಡು ರಸ್ತೆಯಾಚೆಯ ಹುಣಸೆಮರದ ಕೆಳಗೆ ಹೋಗಿ ಕೂತರು.

ಅದನ್ನು ನೋಡಿ ಹೆಂಗಸರಿಗೆ ಆದ ಸಂತೋಷ ಹೇಳತೀರದು. "ಒಳ್ಳೇ ಕೆಲ್ಸ ಮಾಡಿದ್ರು! ಇನ್ನು ಸಂಜೆ ಹೊತ್ತೂ ಬಂದು ಕುಡಿಯಾ ನೀರು ಹಿಡೀಬೋದು" ಅಂತ ಬಿಂದಿಗೆ ತಂದು ಸಾಲು ನಿಂತರು.

ಹೋಟೆಲ ಜಗುಲಿಯ ಮೇಲೆ ಕೂತು ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ನಗು ಮುಗಿದಿರಲಿಲ್ಲ, ಅಷ್ಟರಲ್ಲಿ ನಲ್ಲಿಯ ಕೆಳಗೆ ಪುಟ್ಟ ಯೂನಿಫಾರಂ ಕಾಣಿಸಿತು. ಅಕ್ಕನ ಮೊಮ್ಮಗಳು. ಆಡಿ ಬೆವೆತು ಬಂದಿದೆ. ಬೊಗಸೆ ಒಡ್ಡಿ ಗಟಗಟ ಕುಡಿಯುತ್ತಿದೆ.

"ಅಕ್ಕಾ!" ಅಂತ ಕೂಗಿದೆ.

ಮಂಡಿ ಮಡಚಲಾರದ ಅಕ್ಕ ಅವತ್ತು ಹೇಗೆ ಓಡಿದಳೋ ದೇವರಿಗೇ ಗೊತ್ತು. ಮಗುವಿನ ರಟ್ಟೆ ಹಿಡಿದು ಗೋಡೆಯ ಮುಂದೆ ನಿಲ್ಲಿಸಿದಳು. ಹುಣಸೆಮರದ ಕೆಳಗಿದ್ದವರೂ ಎದ್ದು ಬಂದರು. ಒಳಗಿಂದ ಸೊಸೆ ಬಂದಳು.

"ಓದಾಕೆ ಬರುತ್ತಲ್ಲ ನಿನಗೆ? ಓದು ಇದನ್ನ!"

ಮಗು ಬೆರಳಿಟ್ಟು ಓದಿತು. "ಕು... ಡಿ... ಯ... ಬಾ... ರ... ದು. ಕುಡಿಯಬಾರದು."

"ಮತ್ಯಾಕೆ ಕುಡಿದೆ?"

ಮಗು ಅಜ್ಜಿಯ ಮುಖ ನೋಡಿತು, ಇಷ್ಟೂ ತಿಳಿಯದಾ ಇವಳಿಗೆ ಅನ್ನುವ ಹಾಗೆ. "ನಾನೆಲ್ಲಿ ಕುಡಿದೆ? ನಾನು ನೀಳ್ಳು ತಾಗಿದೆ. ಇದು ನಾಯನಗೆ ಬರ್ದಿರೋದು."

ಆ ಮನೆಯ ರೀತಿ ಗೊತ್ತಿದ್ದವರಿಗೆ ತಕ್ಷಣ ಅರ್ಥವಾಯಿತು. ಅಲ್ಲಿ ಮುದ್ದೆಲ್ಲ ತೆಲುಗಲ್ಲಿ, ಜಗಳವೆಲ್ಲ ಕನ್ನಡದಲ್ಲಿ. ತೆಲುಗಲ್ಲಿ ತಾಗು ಅಂದರೆ ಕುಡಿ, ನಾಯನ ಅಂದರೆ ಅಪ್ಪ. "ನೀಳ್ಳು ತಾಗು ಬಂಗಾರ, ಪಾಲು ತಾಗು ಬಂಗಾರ" ಅಂತ ಅಜ್ಜಿ ತಾತ ಮಗುವಿಗೆ ನೀರು, ಹಾಲು ಕುಡಿಸುತ್ತಾರೆ. ಕುಡಿಯಬ್ಯಾಡ ಅನ್ನುವ ಕನ್ನಡದ ಮಾತು ಮಗುವಿನ ಕಿವಿಗೆ ಬೀಳುವುದು ಸಂಜೆ ಮಾತ್ರ, ಅಮ್ಮನ ಬಾಯಿಂದ, ಅಪ್ಪನ ಮೇಲೆ. ಹಾಗಿರುವಾಗ ಗೋಡೆಯ ಮೇಲಿನ ಮಾತು ಇನ್ಯಾರಿಗೆ?

ಎಲ್ಲರೂ ನಕ್ಕರು. ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಕ್ಕ ನಗಲಿಲ್ಲ. ಹೆಬ್ಬೆರಳಿಂದ ಮಗುವಿನ ತುಟಿ ಎತ್ತಿ ನೋಡಿದಳು. ಬಿದ್ದ ಹಲ್ಲಿನ ಕಿಂಡಿಯಲ್ಲಿ ಅಕ್ಕಿಕಾಳಿನಷ್ಟು ಹೊಸ ಹಲ್ಲು ಇಣುಕುತ್ತಿತ್ತು, ಬೆಳ್ಳಗೆ. ಅದನ್ನೊಮ್ಮೆ ಮುಟ್ಟಿ ನೋಡಿ, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಅಕ್ಕನ ಮಗ ಅಲ್ಲೇ ನಿಂತಿದ್ದ. ಲೋಟ ಕೈಯಲ್ಲೇ ಇತ್ತು. ಅದನ್ನು ಎಲ್ಲಿಡಬೇಕು ಅಂತ ಗೊತ್ತಾಗದೆ ನಿಂತ ಹಾಗಿತ್ತು.

ಮರುದಿನ ಬೆಳಿಗ್ಗೆ ನಾವು ಹೋಟೆಲ ಬಾಗಿಲು ತೆರೆದರೆ ಅವನು ಜಗುಲಿಯ ಮೇಲೆ ಕೂತಿದ್ದಾನೆ. ಪಕ್ಕದಲ್ಲಿ ಬಣ್ಣದ ಡಬ್ಬ, ಬ್ರಷ್ಷು.

"ಹೋಟ್ಲಮ್ಮ, ನಿಮ್ಮ ಮೊಮ್ಮಗಳ ಅಕ್ಷರ ಚೆನ್ನಾಗೈತೆ. ಆ ಗೋಡೆ ಬ್ಯಾರೆ ಬರೆಸ್ರಿ" ಅಂದ. ಬ್ರಷ್ಷಿನ ಕೂದಲು ಸವರಿದ. "ನನಗೆ ಬರೆದಿರೋದನ್ನ ಅಳಿಸಿಬಿಡ್ರಿ. ಅದನ್ನ ನಾನೇ ನೋಡ್ಕಂತೀನಿ. ಮಗೀಗೆ ತಿಳಿಯಂಗೆ ಬರೆಸ್ರಿ."

ಕಾಲೇಜಿಗೆ ಹೊರಟಿದ್ದ ನನ್ನ ಮೊಮ್ಮಗಳು ಬ್ಯಾಗ್ ಇಳಿಸಿ ಬ್ರಷ್ ಹಿಡಿದಳು. ಏನು ಬರೆಯುವುದು ಅಂತ ಬೀದಿಯೆಲ್ಲ ಸೇರಿತು.

"ಹಲ್ಲು ಕೆಡ್ತವೆ ಅಂತ ಬರಿಯವ್ವ" ಅಂದ ನೀರುಗಂಟಿ.

"ಹಲ್ಲೇ ಇಲ್ಲದ ನಾವೆಲ್ಲ ನಮಗಲ್ಲ ಅಂತ ಕುಡೀತೀವಿ" ಅಂದರು ಅಣ್ಣ.

"ವಿಷ ಅಂತ ಬರೀರಿ" ಅಂದಳು ಸೊಸೆ.

"ಬರೀರಿ, ಬರೀರಿ. ಆಮ್ಯಾಕೆ ಈ ಬೀದಿಗೆ ಯಾರು ಹೆಣ್ಣು ಕೊಡ್ತಾರೆ ನೋಡಾನ" ಅಂದಳು ಮತ್ತೊಬ್ಬಳು.

ಅಕ್ಕ ಇದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಮೊಮ್ಮಗಳನ್ನು ಕಟ್ಟೆಯ ಮೇಲೆ ನಿಲ್ಲಿಸಿ ಮೆಲ್ಲಗೆ ಕೇಳಿದಳು, "ಏನಂತ ಬರೆದ್ರೆ ನೀನು ಈ ನೀರಿನ ಹತ್ರ ಬರಲ್ಲ ಬಂಗಾರ?"

ಮಗು ಕಿಂಡಿಯಲ್ಲಿ ನಾಲಿಗೆ ಆಡಿಸುತ್ತಾ ಯೋಚಿಸಿತು. "ತಾಗಬ್ಯಾಡ ಅಂತ ಬರೀರಿ. ಅವಾಗ ನನಗೇ ಅಂತ ಗೊತ್ತಾಗುತ್ತೆ."

ನನ್ನ ಮೊಮ್ಮಗಳು ಬಣ್ಣದಲ್ಲಿ ಅದ್ದಿದ ಬ್ರಷ್ಷನ್ನು ಹಾಗೇ ಹಿಡಿದು ನನ್ನ ಕಡೆ ತಿರುಗಿದಳು. "ಅಜ್ಜಿ, ಕನ್ನಡದಲ್ಲಿ ತಾಗಬೇಡಿ ಅಂದ್ರೆ ಮುಟ್ಟಬೇಡಿ ಅಂತ ಆಗುತ್ತಲ್ಲ? ನಿನ್ನ ಊರಲ್ಲೂ ಹಾಗೇ ಅಲ್ವಾ? ಓದಿದವರಿಗೆ ಗೊಂದಲ ಆಗುತ್ತೆ."

"ಗೊಂದಲ ಎಂಥದು?" ಅಂದೆ. "ಪಾತ್ರೆಗೆ, ಬಟ್ಟೆಗೆ ಮನೆ ಮನೆಯಲ್ಲೂ ನಲ್ಲಿ ಇದೆ. ತೆಲುಗು ಬಂದವರು ಕುಡಿಯೋದಿಲ್ಲ, ಕನ್ನಡ ಬಂದವರು ಮುಟ್ಟೋದೇ ಇಲ್ಲ. ನೀನು ಬರಿ ಮಗಾ, ದೊಡ್ಡದಾಗಿ ಬರಿ."